ಅಡ್ಡ ಬೆಳಕು

ಬಡಗಿಯ ಚೀಲದಲ್ಲಿ ರಸಮಟ್ಟ ಅಂತ ಒಂದು ಇರುತ್ತದೆ. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ. ಅದು ಎರಡು ಗೆರೆಗಳ ನಡುವೆ ನಿಂತರೆ ಕೆಲಸ ನೆಟ್ಟಗಿದೆ, ಅತ್ತಿತ್ತ ಸರಿದರೆ ಡೊಂಕು. ನಮ್ಮ ಬಡಗಿಯನ್ನು ಬಲ್ಲವರೆಲ್ಲ ಕರೆಯುತ್ತಿದ್ದದ್ದು ಅದೇ ಹೆಸರಿನಿಂದ. ಊಟಕ್ಕೆ ಕೂತರೆ ಮೊದಲು ತಟ್ಟೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ಮುಂದೆ ಕೂತವನ ಕಾಲರ್ ಮಡಚಿದ್ದರೆ ಇವನಿಗೆ ಕೈ ತುರಿಸುತ್ತಿತ್ತು. "ಮದುವೆ ಫೋಟೋದಲ್ಲೂ ಇವರು ನನ್ನ ಕಡೆ ನೋಡ್ತಿಲ್ಲ, ಹಿಂದಿನ ಬಾಗಿಲು ನೋಡ್ತಿದ್ದಾರೆ. ಅದು ವಾಲಿತ್ತಂತೆ" ಎಂದು ಹೆಂಡತಿ ಬಂದವರಿಗೆಲ್ಲ ಫೋಟೋ ತೋರಿಸಿ ನಗುತ್ತಿದ್ದಳು.

ಅಂಥವನಿಗೆ ಡೊಂಕು ಕೆಲಸದವನು ಅನ್ನುವ ಹೆಸರು ಬಂತು ಅಂದರೆ ನಂಬುತ್ತೀರಾ? ಬಂತು. ತಂದಿಟ್ಟವನು ಒಬ್ಬ ಗುತ್ತಿಗೆದಾರ. ಏನು ಕೇಳಿದರೂ "ನಾಳೆ ಮಾಡಿಸ್ತೀನಿ" ಅನ್ನುವ ಆಸಾಮಿಯಾದ್ದರಿಂದ ಕೆಲಸಗಾರರು ಬೆನ್ನ ಹಿಂದೆ ಅವನನ್ನು ನಾಳೆ ಸಾಹೇಬ ಅನ್ನುತ್ತಿದ್ದರು. ಎಂಟು ವರ್ಷದ ಹಿಂದೆ ಒಂದು ದೊಡ್ಡ ಬಂಗಲೆಯ ಬಾಗಿಲುಗಳಿಗೆ ಅವನು ತರಿಸಿದ ಮರ ಇನ್ನೂ ಒಣಗಿರಲಿಲ್ಲ. "ಸಾಹೇಬ್ರೇ, ಮರ ಹಸಿ ಇದೆ, ಆರು ತಿಂಗಳು ಬಿಡಿ" ಎಂದು ರಸಮಟ್ಟ ಒಂದಲ್ಲ ಮೂರು ಸಲ ಹೇಳಿದ. "ನಿನ್ನ ಕೆಲಸ ನೀನು ಮಾಡು" ಅಂದ ನಾಳೆ ಸಾಹೇಬ. ಮಾಡಿದ. ವರ್ಷ ತುಂಬುವುದರೊಳಗೆ ಮರ ಒಣಗುತ್ತಾ ಒಣಗುತ್ತಾ ಸೆಟೆದುಕೊಂಡು, ಹದಿನಾರಕ್ಕೆ ಹದಿನಾರು ಬಾಗಿಲೂ ಬಾಗಿದವು. ಮನೆಯೊಡೆಯ ಕೂಗಾಡಿದಾಗ ನಾಳೆ ಸಾಹೇಬ ಇನ್ನೂ ಕೆಲಸ ನಡೆಯುತ್ತಿದ್ದ ಅಂಗಳದಲ್ಲಿ, ನಲವತ್ತು ಜನ ಕೆಲಸಗಾರರ ಎದುರಿಗೆ, ಗೂಬೆಯನ್ನು ತಂದು ಇವನ ತಲೆಯ ಮೇಲೆ ಕೂರಿಸಿದ. "ಇವನ ಕೈ ಕೆಟ್ಟಿದೆ ಸಾರ್. ಕುಡಿದು ಬಂದು ಕೆಲಸ ಮಾಡ್ತಾನೆ. ನನಗೂ ಈಗಲೇ ಗೊತ್ತಾಗಿದ್ದು."

ಜೀವನದಲ್ಲಿ ಒಂದು ಹನಿ ಮುಟ್ಟದವನು ಅವನು. ಆದರೆ ಮಾತು ಕಾಲು ಕಟ್ಟಿಕೊಂಡು ಓಡಿತು. ಹೊಸ ಮನೆಗಳ ಕೆಲಸ ನಿಂತೇಹೋಯಿತು. ಉಳಿದದ್ದು ಬೇರೆಯವರು ಕೆಡಿಸಿಟ್ಟದ್ದನ್ನು ಸರಿ ಮಾಡುವ ಚಿಲ್ಲರೆ ಕೆಲಸ: ನೆಲಕ್ಕೆ ಉಜ್ಜುವ ಬಾಗಿಲು, ಬಿರುಕು ಬಿಟ್ಟ ಮೂಲೆ, ಗೋಡೆಯ ಬುಡದಲ್ಲಿ ಎದ್ದ ಮರದ ಪಟ್ಟಿ. ಏಳು ವರ್ಷ ಹಲ್ಲು ಕಚ್ಚಿಕೊಂಡು ಅದನ್ನೇ ಮಾಡಿದ. ಅವನಿಗೆ ಬೇಕಾಗಿದ್ದದ್ದು ಒಂದೇ. ಮರ ಹಸಿ ಇತ್ತು ಅನ್ನುವ ಮಾತು ಅದೇ ಬಾಯಿಂದ, ನಾಲ್ಕು ಜನರ ಎದುರಿಗೆ ಬರಬೇಕು. ಅಲ್ಲಿಯವರೆಗೆ ಹೊಟ್ಟೆಯೊಳಗಿನ ಬೆಂಕಿ ಆರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹೀಗಿರುವಾಗ ಒಬ್ಬ ನರ್ಸಮ್ಮನಿಂದ ಕರೆ ಬಂತು. ಮೂವತ್ತೆರಡು ವರ್ಷ ಆಸ್ಪತ್ರೆಯ ಹಾಸ್ಟೆಲಿನಲ್ಲೂ ಬಾಡಿಗೆ ಕೋಣೆಗಳಲ್ಲೂ ಕಳೆದು, ನಿವೃತ್ತಿಯಾದ ಮೇಲೆ ಮೊದಲ ಸಲ ಸ್ವಂತ ಮನೆ ಕಂಡ ಹೆಂಗಸು. ಹೊಸ ಬೀದಿ, ಒಂದೇ ಥರದ ಹನ್ನೆರಡು ಮನೆ, ಮೊದಲನೆಯದು ಇವರದು. ಬೀದಿಯ ತುದಿಯಲ್ಲಿ ನೆಟ್ಟಿದ್ದ ಬೋರ್ಡು ಓದಿದಾಗ ರಸಮಟ್ಟನ ಕಾಲು ಅಲ್ಲೇ ನಿಂತಿತು. ಕಟ್ಟಿಸಿದವನು ನಾಳೆ ಸಾಹೇಬ.

"ಮೂರೇ ಕೆಲಸ ಮೇಸ್ತ್ರಿಗಳೇ" ಅಂದರು ನರ್ಸಮ್ಮ. ಮಲಗುವ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಹಾಲಿನ ಗೋಡೆಯ ಬುಡದ ಪಟ್ಟಿ ಒಂದು ಕಡೆ ಎದ್ದು, ಸಂದಿಯಿಂದ ಇರುವೆ ಸಾಲು ಬರುತ್ತಿತ್ತು. ಅಡುಗೆಮನೆ ಕಿಟಕಿಯ ಚಿಲಕ ಕೂರುತ್ತಿರಲಿಲ್ಲ. "ಅವರು ನಾಳೆ ನಾಳೆ ಅಂತ ನಾಲ್ಕು ತಿಂಗಳು ಮಾಡಿದ್ರು. ಉಳಿದಿದ್ದೆಲ್ಲ ಚೆನ್ನಾಗಿದೆ. ನೋಡಿ, ಬೆಳಿಗ್ಗೆ ಇಲ್ಲಿ ಕೂತರೆ ಬಿಸಿಲು ಕಾಲ ಮೇಲೇ ಬರುತ್ತೆ." ಹಾಗೆ ಹೇಳುವಾಗ ಅವರ ಮುಖ ಅರಳಿತ್ತು. ರಸಮಟ್ಟ ಆ ಮುಖ ನೋಡಲಿಲ್ಲ. ಅವನು ಗೋಡೆ ನೋಡುತ್ತಿದ್ದ, ಒಳಗೊಳಗೇ ಕುಣಿಯುತ್ತಿದ್ದ. ಒಂದು ಮೂಲೆ ನೆಟ್ಟಗಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ, "ಸಿಕ್ಕಿದ ಕಣೇ ಅವನು."

ಅವಳು ಬಟ್ಟೆ ಮಡಚುತ್ತಾ ಕೂತಿದ್ದಳು. "ಏನ್ರೀ ಮಾಡ್ತೀರಾ? ಏನಾದ್ರೂ ಕೆಡಿಸಿ ಗಿಡಿಸಿ ಬಂದ್ರೆ ಗೂಬೆ ಮತ್ತೆ ನಿಮ್ಮ ತಲೆ ಮೇಲೇ ಕೂರೋದು."

"ಕೆಡಿಸೋದ್ಯಾಕೆ? ಸರಿ ಮಾಡ್ತೀನಿ. ಎಷ್ಟು ಸರಿ ಅಂದ್ರೆ, ಪಕ್ಕದಲ್ಲಿರೋದೆಲ್ಲ ಬೆತ್ತಲಾಗಬೇಕು."

ಮಾಡಿದ್ದೂ ಹಾಗೆಯೇ. ಚಿಲಕ, ಬುಡದ ಪಟ್ಟಿ ಎರಡನ್ನೂ ಮೊದಲು ಮುಗಿಸಿದ. ಬಾಗಿಲನ್ನು ಕೀಲು ಬಿಚ್ಚಿ ಇಳಿಸಿ, ತಳ ಕೀಸಿ, ಚೌಕಟ್ಟಿನ ಸುತ್ತಲಿನ ಪಟ್ಟಿಯನ್ನೆಲ್ಲ ಕಿತ್ತು, ಎರಡು ದಿನ ಕೂತು ಹೊಸದಾಗಿ ಕೂರಿಸಿದ. ಮೂಲೆಯಲ್ಲಿ ಎರಡು ಪಟ್ಟಿ ಸೇರುವಲ್ಲಿ ಉಗುರು ಎಳೆದರೂ ತಡೆಯುತ್ತಿರಲಿಲ್ಲ. ಮುಗಿಸಿ ಸುಮ್ಮನೆ ಚೀಲ ಕಟ್ಟುತ್ತಾ ಕೂತ. ಕಾದ. ನರ್ಸಮ್ಮ ಆ ಬಾಗಿಲು ನೋಡಿದರು, ಹಿಗ್ಗಿದರು, ಆಮೇಲೆ ಪಕ್ಕದ ಬಾಗಿಲು ನೋಡಿದರು.

"ಇದೇನಪ್ಪ, ಅದು ವಾಲಿದ ಹಾಗಿದೆಯಲ್ಲ?"

"ಅದು ಮೊದಲಿಂದಾನೂ ಹಾಗೇ ಇತ್ತಮ್ಮ."

"ನನಗೆ ಕಂಡೇ ಇರಲಿಲ್ಲ."

"ನೋಡೋಕೆ ಒಂದು ದಾರಿ ಇದೆ. ತೋರಿಸ್ಲಾ?" ಅಂದ ರಸಮಟ್ಟ. ಈ ಮಾತು ಹೇಳುವಾಗ ಅವನ ಬಾಯಲ್ಲಿ ಸಕ್ಕರೆ ಹಾಕಿದ ಹಾಗಿತ್ತು.

ನರ್ಸಮ್ಮನ ಹತ್ತಿರ ರೋಗಿಗಳ ಗಂಟಲು ನೋಡಲು ಇಟ್ಟುಕೊಂಡಿದ್ದ ಪೆನ್ನಿನಷ್ಟೇ ದಪ್ಪದ ಟಾರ್ಚು ಇತ್ತು. ಕಿಟಕಿ ಮುಚ್ಚಿಸಿ, ಆ ಟಾರ್ಚನ್ನು ಗೋಡೆಗೆ ತಾಗುವ ಹಾಗೆ ಅಡ್ಡಕ್ಕೆ ಹಿಡಿಯಲು ಹೇಳಿದ. "ನೇರಕ್ಕೆ ಬೆಳಕು ಬಿಟ್ರೆ ಗೋಡೆ ಸುಳ್ಳು ಹೇಳುತ್ತೆ. ಅಡ್ಡ ಬಿಟ್ರೆ ಬಾಯಿ ಬಿಡುತ್ತೆ." ಬಿಟ್ಟಿತು. ಬೆಣ್ಣೆಯಂತೆ ನುಣುಪಾಗಿ ಕಾಣುತ್ತಿದ್ದ ಗೋಡೆಯ ತುಂಬ ಉಬ್ಬು, ತಗ್ಗು, ಬಣ್ಣಕ್ಕೆ ಮುಂಚೆ ಬಳಿಯುವ ಪುಟ್ಟಿ ಎಳೆದ ಗೀರು, ಬಣ್ಣದೊಳಗೆ ಸಿಕ್ಕಿ ಒಣಗಿದ ಕುಂಚದ ಕೂದಲು. ನರ್ಸಮ್ಮ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು. "ಅಯ್ಯೋ, ನನ್ನ ಗೋಡೆ" ಅಂದರು ಆಮೇಲೆ.

ಮೂವತ್ತೆರಡು ವರ್ಷ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದ ಕಣ್ಣು ಅದು. ಹಿಡಿಯಿತು ನೋಡಿ. ಒಂದೊಂದು ತಪ್ಪಿನ ಮೇಲೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಣುಕು ಅಂಟಿಸಿದರು. ಕೋಣೆಗೊಂದು ಚಾರ್ಟು ಬರೆದರು. ವಾರದೊಳಗೆ ಆ ಮನೆ ಮೈತುಂಬ ಪಟ್ಟಿ ಕಟ್ಟಿಸಿಕೊಂಡ ರೋಗಿಯ ಹಾಗಾಯಿತು. ಲೆಕ್ಕ ಇನ್ನೂರ ಹನ್ನೊಂದಕ್ಕೆ ಬಂದು ನಿಂತಿತ್ತು. ಪಕ್ಕದ ಮನೆಯಾಕೆ ನೋಡಿಕೊಂಡು ಹೋದಳು, ಎದುರು ಮನೆಯ ಗಂಡಹೆಂಡಿರು ಟಾರ್ಚು ಕೊಂಡರು. ಹದಿನೈದು ದಿನಕ್ಕೆ ಇಡೀ ಬೀದಿ ಗೋಡೆಗೆ ಕೆನ್ನೆ ಒತ್ತಿ ನಿಂತಿತ್ತು. ಐದನೇ ಮನೆಯ ಅಜ್ಜ ನೆಲದ ಮೇಲೆ ಬೋರಲು ಮಲಗಿ ಪಟ್ಟಿ ನೋಡುತ್ತಿದ್ದಾಗ, ಬಿದ್ದುಬಿಟ್ಟರೇನೋ ಎಂದು ಸೊಸೆ ಕಿರುಚಿಕೊಂಡಳಂತೆ. ರಸಮಟ್ಟ ಇದನ್ನೆಲ್ಲ ಹೆಂಡತಿಗೆ ಹೇಳಿ ಹೇಳಿ ನಕ್ಕ. ಏಳು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ಅವಳು ಕಂಡಿರಲಿಲ್ಲ.

ಒಂದು ಭಾನುವಾರ ಹನ್ನೆರಡೂ ಮನೆಯವರು ಸೇರಿ ನಾಳೆ ಸಾಹೇಬನನ್ನು ನರ್ಸಮ್ಮನ ಹಾಲಿಗೆ ಕರೆಸಿದರು. ಬಂದವನು ಮೊದಲು ಗೋಡೆಯ ಮೇಲಿನ ಪ್ಲಾಸ್ಟರು ನೋಡಿದ, ಆಮೇಲೆ ಮೂಲೆಯಲ್ಲಿ ಕೈಕಟ್ಟಿ ನಿಂತವನನ್ನು ನೋಡಿದ.

"ಓಹೋ, ನೀನಾ?"

"ನಾನೇ ಸಾಹೇಬ್ರೇ. ಚೆನ್ನಾಗಿದ್ದೀರಾ?"

ರಸಮಟ್ಟ ಒಂದು ಬಾಗಿಲ ಮೇಲೆ ಮೂಲೆಯಿಂದ ಮೂಲೆಗೆ ದಾರ ಎಳೆದು ಹಿಡಿದ. ನಡುವೆ ದಾರಕ್ಕೂ ಮರಕ್ಕೂ ಮಧ್ಯೆ ಹೆಬ್ಬೆರಳು ತೂರುತ್ತಿತ್ತು. ನಾಳೆ ಸಾಹೇಬ ಹಳೇ ಮಾತನ್ನೇ ಎತ್ತಿದ. "ಅದು ಬಡಗಿ ತಪ್ಪು. ಅವನ ಕೈ ಸರಿಯಿರಲಿಲ್ಲ, ಕೆಲಸ ಬಿಡಿಸಿದ್ದೀನಿ. ನಾಳೆನೇ ಬೇರೆಯವರನ್ನ ಕಳಿಸ್ತೀನಿ."

ರಸಮಟ್ಟನ ಕಿವಿ ಕಾದವು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಹನ್ನೆರಡು ಮನೆಗೆ ಬಡಗಿಗಳು ಎಷ್ಟು ಜನ?"

"ನಾಲ್ಕು ತಂಡ ಇತ್ತಮ್ಮ."

"ನಾಲ್ಕು ತಂಡದ ಬಾಗಿಲೂ ಒಂದೇ ಥರ ಬಾಗಿವೆ. ಒಂದು ವಾರ್ಡಿನಲ್ಲಿ ಎಲ್ಲರಿಗೂ ಹೊಟ್ಟೆ ಕೆಟ್ಟರೆ ನಾವು ರೋಗಿಗಳನ್ನ ಬಯ್ಯಲ್ಲ, ಅಡುಗೆಮನೆ ನೋಡ್ತೀವಿ. ಮರ ಎಲ್ಲಿಂದ ತಂದ್ರಿ?"

ನಾಳೆ ಸಾಹೇಬ ಬಾಗಿಲ ಕಡೆ ನೋಡಿದ. ಅಲ್ಲಿ ಐದನೇ ಮನೆಯ ಅಜ್ಜ ಟಾರ್ಚು ಹಿಡಿದು ನಿಂತಿದ್ದರು. "ಮರ ಸ್ವಲ್ಪ ಹಸಿ ಇತ್ತು" ಅಂದ ಕೊನೆಗೆ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ.

"ಆ ಬಂಗಲೇದು?" ಅಂದ ರಸಮಟ್ಟ, ಒಂದು ಹೆಜ್ಜೆ ಮುಂದೆ ಬಂದು.

"ಅದೂನೂ."

"ಜೋರಾಗಿ ಹೇಳಿ ಸಾಹೇಬ್ರೇ. ಹಿಂದೆ ನಿಂತವರಿಗೆ ಕೇಳಿಸಲ್ಲ."

"ಅದೂ ಹಸಿ ಇತ್ತು ಕಣಯ್ಯ, ಆಯ್ತಾ? ನಿನ್ನ ತಪ್ಪೇನೂ ಇರಲಿಲ್ಲ."

ಆಯ್ತು. ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ, ಅವನಿಗೆ ನಿಜವಾಗಿಯೂ ಹಾಗೇ ಆಯಿತು. ಮೂರು ತಿಂಗಳು ನಾಳೆ ಸಾಹೇಬನ ಜನ ಬೀದಿಯುದ್ದಕ್ಕೂ ಬಾಗಿಲು ಕಿತ್ತರು, ಪಟ್ಟಿ ಕಿತ್ತರು, ಗೋಡೆ ಉಜ್ಜಿದರು. ಆ ಮೂರೂ ತಿಂಗಳು ನಿಂತು ನೋಡಿಕೊಂಡವನು ರಸಮಟ್ಟ. "ಇಲ್ಲಿ ಇನ್ನೊಂದು ಕೈ ಉಜ್ಜಿ" ಎಂದು ಅವನು ಹೇಳಿದರೆ ನಾಳೆ ಸಾಹೇಬ ಖುದ್ದಾಗಿ ನಿಂತು ಉಜ್ಜಿಸಬೇಕಿತ್ತು. ಕಡೆಗೆ ಸಾಹೇಬನೇ ಬಂದು, ಇನ್ನು ಮುಂದೆ ತನ್ನ ಎಲ್ಲ ಮನೆಗಳಿಗೂ ನೀನೇ ಹೆಡ್ ಮೇಸ್ತ್ರಿಯಾಗು ಎಂದು ಕೇಳಿದ. "ನಾಳೆ ಹೇಳ್ತೀನಿ" ಅಂದ ರಸಮಟ್ಟ. ಆ ಮಾತನ್ನು ಅವನು ಆರು ಸಲ ಹೇಳಿದ, ಆರು ಸಲವೂ ಸವಿದ.

ಕೆಲಸ ಮುಗಿದು ತಿಂಗಳ ಮೇಲೆ ನರ್ಸಮ್ಮ ಮತ್ತೆ ಕರೆದರು. ಕಿಟಕಿಯ ಕೆಳಗೆ ಒಂದು ಉಬ್ಬು. ಹೋಗಿ ಸರಿ ಮಾಡಿದ. ಮರುವಾರ ಮತ್ತೆ ಕರೆದರು, ಸೂಜಿಮೊನೆಯಷ್ಟು ತೂತು. ಅದನ್ನೂ ಮುಚ್ಚಿದ. ಆಮೇಲೆ ಎರಡು ದಿನಕ್ಕೊಮ್ಮೆ ಕರೆ ಬರತೊಡಗಿತು. ಮೊದಮೊದಲು ಅವನು ಹೆಮ್ಮೆಯಿಂದಲೇ ಹೋಗುತ್ತಿದ್ದ.

ಆ ಮಧ್ಯಾಹ್ನ ಹೋದಾಗ ಬಿರುಬಿಸಿಲಿನಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು. ನರ್ಸಮ್ಮ ನೆಲದ ಮೇಲೆ ಮಂಡಿಯೂರಿ, ಗೋಡೆಗೆ ಟಾರ್ಚು ಹಿಡಿದಿದ್ದರು. ಇದ್ದು ಹೋಗಲು ಬಂದಿದ್ದ ತಂಗಿ ಮೂರೇ ದಿನಕ್ಕೆ ಹೊರಟುಹೋಗಿದ್ದಳಂತೆ. "ಅಕ್ಕಾ, ನೀನು ನನ್ನ ಜೊತೆ ಮಾತಾಡ್ತಿಲ್ಲ, ಗೋಡೆ ಜೊತೆ ಮಾತಾಡ್ತೀಯ ಅಂದ್ಲು" ಎಂದು ಹೇಳಿ ಅವರು ಒಂದು ಜಾಗಕ್ಕೆ ಬೆರಳಿಟ್ಟರು. "ಇಲ್ಲಿ ನೋಡಿ."

ರಸಮಟ್ಟ ನೋಡಿದ. ಅಂಗೈ ಸವರಿದ. ಉಗುರು ಎಳೆದ. ರಸಮಟ್ಟವನ್ನೂ ಇಟ್ಟು ನೋಡಿದ. "ಇಲ್ಲಿ ಏನೂ ಇಲ್ಲಮ್ಮ. ಇದಕ್ಕಿಂತ ಚೆನ್ನಾಗಿರೋ ಗೋಡೆ ನಾನೇ ನೋಡಿಲ್ಲ."

"ಮತ್ತೆ ನನಗ್ಯಾಕೆ ಕಾಣುತ್ತೆ?" ಅವರು ಎದ್ದು ಕುರ್ಚಿಯ ಮೇಲೆ ಕೂತರು. "ಎಲ್ಲಿ ಕೂತರೂ ಕಾಣುತ್ತೆ. ಕಣ್ಣು ಮುಚ್ಚಿದ್ರೂ ಹುಡುಕ್ತಾ ಇರ್ತೀನಿ. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನೀವು ಅವತ್ತು ಆ ಮೂರು ಕೆಲಸ ಮುಗಿಸಿ ಹೋಗಿದ್ರೆ ನನಗೆ ಇದ್ಯಾವುದೂ ಗೊತ್ತಾಗ್ತಿರಲಿಲ್ಲ, ಅಲ್ವಾ?"

ಸುಳ್ಳು ಹೇಳಬಹುದಿತ್ತು. ಆದರೆ ಅದು ಅವನಿಗೆ ಬರುತ್ತಿರಲಿಲ್ಲ. "ಗೊತ್ತಾಗ್ತಿರಲಿಲ್ಲಮ್ಮ" ಅಂದ.

"ಬಾಗಿಲು ಬಿಟ್ಟರೆ ಬೇರೆ ಯಾವುದರಿಂದಾದ್ರೂ ಈ ಮನೆಗೆ ಏನಾದ್ರೂ ಆಗ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ ತೋರಿಸಿದ್ರಿ?"

"ಅವನ ಮೇಲಿನ ಸಿಟ್ಟಿಗೆ."

ನರ್ಸಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಟಾರ್ಚು ಆರಿಸಿ ಮಡಿಲಲ್ಲಿ ಇಟ್ಟುಕೊಂಡರು. "ಸಿಟ್ಟು ಅವರ ಮೇಲಿತ್ತು. ಮನೆ ನಂದಾಗಿತ್ತಲ್ಲಪ್ಪ" ಅಂದರು. ಆಮೇಲೆ, "ಇನ್ನು ನಾನು ಕರೆದರೂ ಬರಬೇಡಿ" ಅಂದರು.

ಅವನು ಮನೆಗೆ ಬಂದು ಚೀಲವನ್ನು ಬಾಗಿಲ ಪಕ್ಕ ಇಳಿಸಿದ. ಹೆಂಡತಿ ನೀರು ತಂದುಕೊಟ್ಟಳು. "ಇಷ್ಟು ಬೇಗ ಬಂದ್ರಿ? ಮತ್ತೆ ಯಾವಾಗ ಬರೋಕೆ ಹೇಳಿದ್ರು?"

"ಇನ್ನು ಬರಬೇಡಿ ಅಂದ್ರು."

"ಯಾಕ್ರೀ, ಕೆಲಸ ಸರಿಯಾಗಲಿಲ್ವಾ?"

"ಸರಿಯಾಗಿದೆ" ಅಂದ ರಸಮಟ್ಟ. ಲೋಟ ಹಿಡಿದುಕೊಂಡೇ ಕೂತ. "ಎಲ್ಲಾ ಸರಿಯಾಗಿದೆ ಕಣೇ. ಎಲ್ಲೂ ಏನೂ ಉಳಿದಿಲ್ಲ."