ಪುಟ್ಟಮ್ಮನವರಿಗೆ ಸೇರಬೇಕಾಗಿದ್ದ ನಗು

ಪುಟ್ಟಮ್ಮನವರೇ, ನಿಮ್ಮ ಅಣ್ಣ ಬೋರೇಗೌಡರು ನಿಮಗೆ ಕೊಡು ಎಂದಿದ್ದ ಫೋಟೋವನ್ನು ನಾನು ನಿಮಗೆ ಕೊಡಲಿಲ್ಲ. ಕೊಟ್ಟೆ ಎಂದು ಅವರಿಗೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿಕೊಂಡೇ ಅವರು ಕಣ್ಣು ಮುಚ್ಚಿದರು. ಇಷ್ಟು ಹೇಳಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು — ಅದೂ ಎದುರು ನಿಂತು ಹೇಳಲಾಗದೆ, ಮೊದಲು ಹೀಗೆ ಬರೆದು ನೋಡುತ್ತಿದ್ದೇನೆ. ಬರೆಯಲು ಕೂತರೂ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಸ್ಟುಡಿಯೋದ ಬಾಗಿಲ ತನಕ ಹೋಗಿ ಬಸ್ ಸ್ಟ್ಯಾಂಡಿನ ಕಡೆ ನೋಡುವುದು, ಮತ್ತೆ ಬಂದು ಕೂರುವುದು.

ನಾನು ಸಕಲೇಶಪುರದ ಫೋಟೋದವನು, ನೀವು ಬಲ್ಲಿರಿ. ಆದರೆ ಆ ಕಾಲದಲ್ಲಿ ನಾನು ಎಂಥ ಜಂಬದ ಕೋಳಿಯಾಗಿದ್ದೆ ಎಂಬುದು ನಿಮಗೆ ಗೊತ್ತಿಲ್ಲ. ಊರಿನಲ್ಲಿ ಬೇರೆಯವರೂ ಸ್ಟುಡಿಯೋ ಇಟ್ಟಿದ್ದರು. ಅವರ ಕ್ಯಾಮೆರಾ ನನ್ನದಕ್ಕಿಂತ ಒಳ್ಳೆಯದೇ ಇತ್ತು. ಆದರೂ ಹೆತ್ತೂರಿನ ಕಡೆಯ ತೋಟದವರು, ಆನೇಮಹಲಿನ ಅಂಗಡಿಯವರು, ಎಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. "ಇವ್ನ್ ಹತ್ರ ತೆಗ್ಸಿದ್ರೆ ಮುಖ ಮುಖದಂಗೇ ಬರ್ತೈತೆ ಕಣ್ರೀ" ಎಂದು ಯಾರೋ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಬಿದ್ದದ್ದು ತಲೆಗೇ ಏರಿತ್ತು.

ಕೆಲಸವೂ ಅಷ್ಟು ಸುಲಭದ್ದಲ್ಲ. ಮನೆಯ ಜಗಲಿಯಲ್ಲಿ ಹಾಯಾಗಿ ಹರಟುವ ಮನುಷ್ಯ ಕ್ಯಾಮೆರಾ ಎದುರು ಬಂದನೆಂದರೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತವನಂತಾಗುತ್ತಾನೆ. ಕೈ ಮೊಣಕಾಲಿನ ಮೇಲೆ, ಕತ್ತು ನೆಟ್ಟಗೆ, ಉಸಿರು ಒಳಗೆ. ‘ನ್ಯಾಚುರಲ್ ಆಗಿರಿ, ಮೈ ಸಡಿಲ ಬಿಡಿ’ ಎಂದಿರೋ, ಇನ್ನೂ ಸೆಟೆದುಕೊಳ್ಳುತ್ತಾನೆ. ನನ್ನ ಹತ್ತಿರ ಒಂದು ಉಪಾಯವಿತ್ತು. ಈ ಫೋಟೋ ಯಾರು ನೋಡಬೇಕು ಅಂತ ಆಸೆ ನಿಮಗೆ, ಎಂದು ಕೇಳುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು — ಮಿಲಿಟರಿಯಲ್ಲಿರುವ ಮಗ, ಕೊಡಗಿಗೆ ಮದುವೆಯಾಗಿ ಹೋದ ಗೆಳತಿ. ಅವರು ಇಲ್ಲೇ ನನ್ನ ಪಕ್ಕ ನಿಂತಿದ್ದಾರೆ ಅಂದ್ಕೊಂಡು ಮಾತಾಡ್ಸಿ, ಎನ್ನುತ್ತಿದ್ದೆ. ನಾಚಿಕೊಂಡು ಒಂದು ಮಾತು ಆಡುತ್ತಿದ್ದರು, ಮುಖ ಸಡಿಲವಾಗುತ್ತಿತ್ತು, ನಾನು ಕ್ಲಿಕ್ ಮಾಡುತ್ತಿದ್ದೆ. ಆ ಉಪಾಯ ಯಾವತ್ತೂ ನನಗೆ ಕೈಕೊಟ್ಟಿರಲಿಲ್ಲ.

ಹೆತ್ತೂರಿನ ಕಡೆಯ ನಿಮ್ಮ ಅಣ್ಣನ ಮನೆಗೆ ನನ್ನನ್ನು ಕರೆಸಿದ್ದು ಅವರ ಮಗ ಸುರೇಶ. ಹಾಸನದ ಆಸ್ಪತ್ರೆಯಲ್ಲಿ ಎದೆ ತೋರಿಸಿಕೊಂಡು ಬಂದ ಮೇಲೆ ಗೌಡರು ಇಳಿದುಹೋಗಿದ್ದರು. "ಅಪ್ಪಯ್ಯಂದು ಒಂದು ದೊಡ್ಡ ಫೋಟೋ ಬೇಕಿತ್ತು, ಗೋಡೆಗೆ" ಎಂದು ಸುರೇಶ ನನ್ನ ಮುಖ ನೋಡದೆ ಹೇಳಿದ. ಅಂಥ ಫೋಟೋ ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಗೌಡರಿಗೂ ಗೊತ್ತಿತ್ತು. ಕರಿ ಕೋಟು, ಜರಿ ಪೇಟ ಹಾಕಿಕೊಂಡು, ಕಾಫಿ ಹರವಿದ್ದ ಕಣದ ಪಕ್ಕ ಕುರ್ಚಿಯಲ್ಲಿ ಮರದ ಕೊರಡಿನಂತೆ ಕೂತರು. ನಾನು ಏನೇನೋ ತಮಾಷೆ ಮಾಡಿದೆ. ರೋಲು ಖಾಲಿಯಾಗುತ್ತ ಬಂತು, ಮುಖ ಮಾತ್ರ ಹಾಗೇ ಇತ್ತು.

"ಗ್ವಾಡೆಗೆ ತಾನೆ? ಹಾರ ಹಾಕಿದ್ ಮ್ಯಾಲೆ ಮುಖ ಯಾರ್ ನೋಡ್ತಾರೆ ಬುಡಪ್ಪ" ಎಂದರು.

ಆಗ ನನ್ನ ಪ್ರಶ್ನೆ ಕೇಳಿದೆ. ಗೌಡ್ರೆ, ಈ ಫೋಟೋ ಯಾರು ನೋಡ್ಬೇಕು ಅಂತ ಆಸೆ ನಿಮಗೆ?

ಕಾಲಿನಿಂದ ಕಣದ ಅಂಚಿನ ಕಾಫಿಯನ್ನು ಒಳಕ್ಕೆ ಸರಿಸುತ್ತ ಕೂತಿದ್ದರು. ಆಮೇಲೆ, "ಪುಟ್ಟಿ" ಎಂದರು. "ನನ್ ತಂಗಿ. ಆಲೂರ್ ಕಡೀಕೆ ಕೊಟ್ಟೈತೆ. ಮಾತು ಬುಟ್ಟು ವರ್ಷಾನುಗಟ್ಲೆ ಆಯ್ತು."

ಮುಂದಿನದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ಅವರು ಹೇಳಿದಂತೆ ಹೇಳುತ್ತೇನೆ — ಅವರ ಬಾಯಲ್ಲಿ ನೀವು ಅದನ್ನು ಕೇಳಿಲ್ಲವಲ್ಲ. ಸುರೇಶನ ಮದುವೆಯ ಅರಿಶಿನದ ದಿನ ನೀವು ಬರುವುದು ತಡವಾಯಿತು. ಸಕಲೇಶಪುರದಲ್ಲಿ ಹೆತ್ತೂರಿನ ಬಸ್ಸು ತಪ್ಪಿತ್ತು. ಸೋದರತ್ತೆ ಮೊದಲು ಅರಿಶಿನ ಹಚ್ಚಬೇಕು, ಅದು ನಿಮ್ಮ ಹಕ್ಕು. ಹೊತ್ತು ಮೀರುತ್ತದೆ ಎಂದು ಯಾರೋ ಅವಸರ ಮಾಡಿದರು, ಗೌಡರು ಹೂಂ ಅಂದುಬಿಟ್ಟರು. ನಿಮ್ಮ ಅತ್ತಿಗೆಯ ತಂಗಿ ಕೈಯಿಂದ ಶಾಸ್ತ್ರ ಮುಗಿಸಿದರು. ನೀವು ಯಾರದೋ ಜೀಪು ಹತ್ತಿ ಬಂದು ಅಂಗಳದಲ್ಲಿ ಇಳಿದಾಗ ಹುಡುಗನ ಮೈ ಹಳದಿಯಾಗಿತ್ತು. ನೀವು ಒಳಗೆ ಕಾಲಿಡಲಿಲ್ಲ, ಒಂದು ತುತ್ತು ಉಣ್ಣಲಿಲ್ಲ, ಹಾಗೇ ತಿರುಗಿ ಹೋದಿರಿ.

ನಾನು ಏನಂದೆ ಗೊತ್ತೆ? "ಅದಕ್ಕೇನು ಗೌಡ್ರೆ! ಮದುವೆ ಫೋಟೋಕ್ಕೆ ಅಂತ ಆಲೂರಿಗೆ ಹೋಗ್ತಾನೇ ಇರ್ತೀನಿ. ಒಂದು ಕಾಪಿ ನಾನೇ ಅವರ ಕೈಗೆ ಕೊಡ್ತೀನಿ. ಅವರು ಇಲ್ಲೇ ನಿಂತವ್ರೆ ಅಂದ್ಕಳಿ. ಏನ್ ಹೇಳ್ಬೇಕೋ ಹೇಳ್ಬುಡಿ." ಕೊಡಬೇಕೆಂಬ ಮನಸ್ಸು ಆಗ ಇತ್ತೋ ಇಲ್ಲವೋ — ಯೋಚಿಸಿದಷ್ಟೂ ಗೊತ್ತಾಗುತ್ತಿಲ್ಲ. ಒಳ್ಳೆಯ ಫೋಟೋ ಬೇಕೆಂಬ ಮನಸ್ಸಂತೂ ಇತ್ತು.

ಗೌಡರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕೋಟಿನ ಗುಂಡಿ ಬಿಚ್ಚಿದರು. ಕುರ್ಚಿಯಿಂದ ಎದ್ದು ಹೋಗಿ ಕಣದ ಮೋಟುಗೋಡೆಯ ಮೇಲೆ ಕೂತರು — ನಾನು ಹೇಳಿರಲಿಲ್ಲ, ತಾವಾಗಿಯೇ. ನನ್ನ ಭುಜದ ಪಕ್ಕದ ಖಾಲಿ ಜಾಗವನ್ನು ನೋಡಿ ಹೇಳಿದರು:

"ಪುಟ್ಟೀ, ಅವತ್ತು ನಾನು ಕಾಯ್ಬೇಕಿತ್ತು ಕಣವ್ವ. ನಂದೇ ತಪ್ಪು. ಒಂದ್ಸಲ ಬಂದ್ಬುಡು. ಇಬ್ರೂ ಕೂತ್ಕಂಡು ಉಣ್ಣಾನ."

ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿ ನಗು ಬಂತು. ನಾನು ಕ್ಲಿಕ್ ಮಾಡಿದೆ. ಆಮೇಲೆ ನನ್ನನ್ನು ಹತ್ತಿರ ಕರೆದು, "ಫೋಟೋ ಕೊಟ್ಟಾಗ ಈ ಮಾತ್ನೂ ಹೇಳ್ಬುಡಪ್ಪ. ಎದ್ರಿಗೆ ನಿಂತು ಹೇಳಾಕೆ ನಂಗೆ ಬಾಯ್ ಬರಾಕಿಲ್ಲ" ಎಂದರು. ಹೂಂ ಅಂದೆ.

ಹಾಸನದ ಲ್ಯಾಬಿನಿಂದ ಪ್ರಿಂಟು ಬಂದಾಗ ನಾನು ಕುಣಿದಾಡಿಬಿಟ್ಟೆ. ಅಂಥ ಫೋಟೋ ನಾನು ಹಿಂದೆ ತೆಗೆದಿರಲಿಲ್ಲ, ಮುಂದೆಯೂ ತೆಗೆಯಲಿಲ್ಲ. ಕಣ್ಣಂಚಿನಲ್ಲಿ ನೀರು, ತುಟಿಯಲ್ಲಿ ನಗು. ದೊಡ್ಡದು ಮಾಡಿಸಿ ಸುರೇಶನಿಗೆ ಒಂದು ಕೊಟ್ಟೆ, ಇನ್ನೊಂದನ್ನು ನನ್ನ ಸ್ಟುಡಿಯೋದ ಶೋಕೇಸಿನಲ್ಲಿ ಹಾಕಿಕೊಂಡೆ. ಹಾದಿಹೋಕರು ನಿಂತು ನೋಡುತ್ತಿದ್ದರು, ಒಳಗೆ ಬಂದು ನಮ್ಮದೂ ಹೀಗೇ ಬರಬೇಕು ಎನ್ನುತ್ತಿದ್ದರು. ನಿಮ್ಮ ಪ್ರಿಂಟು ಕವರಿನೊಳಗೆ, ಮೇಜಿನ ಡ್ರಾಯರಿನಲ್ಲಿತ್ತು.

ಮರೆತೆ ಎಂದರೆ ಸುಳ್ಳಾಗುತ್ತದೆ. ಮದುವೆಯ ಕಾಲ, ಓಡಾಟ ಜಾಸ್ತಿ — ಇದು ನಿಜ, ಆದರೆ ನೆಪ. ಒಮ್ಮೆ ಆಲೂರಿಗೆ ಹೋಗುವಾಗ ಆ ಕವರು ನನ್ನ ಬ್ಯಾಗಿನಲ್ಲೇ ಇತ್ತು. ನಿಮ್ಮೂರಿನ ದಾರಿ ಕವಲೊಡೆಯುವಲ್ಲಿ ಬಸ್ಸು ನಿಂತಿತು. ಇಳಿದರೆ ಮುಂದಿನ ಬಸ್ಸಿಗೆ ಕಾಯಬೇಕು, ಹಾಸನಕ್ಕೆ ರೋಲು ತಲುಪಿಸುವುದು ತಡವಾಗುತ್ತದೆ. ಮುಂದಿನ ಸಲ ಕೊಟ್ಟರಾಯಿತು ಎಂದುಕೊಂಡು ಸೀಟಿನಲ್ಲೇ ಕೂತೆ. ನೀವು ಒಂದು ಬಸ್ಸು ತಪ್ಪಿಸಿಕೊಂಡದ್ದಕ್ಕೆ ಎಷ್ಟು ಅನುಭವಿಸಿದಿರಿ... ನಾನು ಒಂದು ಬಸ್ಸು ಬಿಡಲು ಒಪ್ಪಲಿಲ್ಲ.

ಆಮೇಲೆ ಒಂದು ದಿನ ಕಾಫಿ ಮಾರಲು ಪೇಟೆಗೆ ಬಂದ ಗೌಡರು ಸ್ಟುಡಿಯೋ ಮೆಟ್ಟಿಲು ಹತ್ತಿದರು. ಶೋಕೇಸಿನಲ್ಲಿದ್ದ ತಮ್ಮ ಮುಖದ ಕಡೆ ತಿರುಗಿಯೂ ನೋಡಲಿಲ್ಲ.

"ಕೊಟ್ಯೇನಪ್ಪ?" ಎಂದರು.

"ಕೊಟ್ಟೆ ಗೌಡ್ರೆ" ಎಂದೆ. ಬಾಯಿಗೆ ಬಂದುಬಿಟ್ಟಿತು. ಈ ವಾರವೇ ಹೋಗಿ ಕೊಟ್ಟುಬಿಟ್ಟರೆ ಸುಳ್ಳೂ ನಿಜವಾಗುತ್ತದೆ ಎಂಬ ಲೆಕ್ಕಾಚಾರ.

ಅವರು ಕೌಂಟರಿನ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದರು. "ಏನಂದ್ಲು?"

ಪುಟ್ಟಮ್ಮನವರೇ, ಈ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿರಲೇ ಇಲ್ಲ. ಕೊಡಲಿಲ್ಲ ಎಂದು ಆಗಲಾದರೂ ಹೇಳಬಹುದಿತ್ತು. ಒಂದೆರಡು ಬೈಗುಳ ತಿನ್ನುತ್ತಿದ್ದೆ, ಅಷ್ಟೆ. ನಾನು ಅದರ ಬದಲು ಯಾವ ಉತ್ತರ ಸಲೀಸು ಎಂದು ಹುಡುಕಿದೆ. ಅತ್ತರು ಎಂದರೆ ಈ ಮನುಷ್ಯ ಇಲ್ಲಿಂದಲೇ ಆಲೂರಿನ ಬಸ್ಸು ಹತ್ತುತ್ತಾರೆ, ನನ್ನ ಬಂಡವಾಳ ಬಯಲಾಗುತ್ತದೆ. ಬೈದರು ಎಂದರೂ ಸಮಾಧಾನ ಮಾಡಲು ಹೊರಟಾರು. ಅವರು ಎಲ್ಲಿಗೂ ಹೊರಡದಂಥ ಉತ್ತರ ಬೇಕಾಗಿತ್ತು ನನಗೆ. ಸಿಕ್ಕಿತು.

"ಏನೂ ಅನ್ಲಿಲ್ಲ ಗೌಡ್ರೆ. ತಗಂಡ್ರು, ಒಳಕ್ಕೆ ಹೋದ್ರು."

ಇದು ನಾನು ಮಾಡಿದ ನಿಜವಾದ ತಪ್ಪು. ಫೋಟೋ ಕೊಡದೇ ಇದ್ದದ್ದು ಸೋಮಾರಿತನ ಇರಬಹುದು. ಇದನ್ನು ಮಾತ್ರ ಯೋಚಿಸಿ, ಆರಿಸಿ ಹೇಳಿದ್ದು.

ಅವರು ನೆಟ್ಟಗಾದರು. ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು. "ಆಯ್ತು ಬುಡು. ಅವಳ್ದೂ ತಪ್ಪಿಲ್ಲ" ಎಂದರು. ಆಮೇಲೆ ನನ್ನನ್ನೇ ಕರೆದುಕೊಂಡು ಹೋಗಿ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಸಿದರು, ಅಷ್ಟು ದೂರ ಹೋಗಿ ಬಂದ್ಯಲ್ಲ ಮಾರಾಯ, ಎಂದು. ನಾನು ಕುಡಿದೆ. ಆ ವಾರ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಈಗ ಹೋದರೆ ಇಷ್ಟು ದಿನ ಯಾಕೆ ತರಲಿಲ್ಲ ಎಂದು ನೀವು ಕೇಳುತ್ತೀರಿ, ಅದಕ್ಕೂ ಒಂದು ಸುಳ್ಳು ಹೊಂದಿಸಬೇಕು ಎಂದು... ಹೀಗೇ ದಿನ ತಳ್ಳುತ್ತಿರುವಾಗಲೇ ಸುರೇಶ ಹೇಳಿಕಳಿಸಿದ. ಗೌಡರು ಹೋಗಿಬಿಟ್ಟಿದ್ದರು.

ತಿಥಿಯ ದಿನ ನಾನೂ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ, ಯಾರಿಗೆ ಅನುಮಾನ ಬರಬೇಕಿತ್ತೋ! ಕುರ್ಚಿಯ ಮೇಲೆ ಅದೇ ಫೋಟೋ, ಹಾರದ ನಡುವೆ ಅದೇ ನಗು. ನೀವು ಅದರ ಮುಂದೆ ನಿಂತಿದ್ದಿರಿ. ನಾನು ನಿಮ್ಮನ್ನು ಕಂಡದ್ದು ಆಗಲೇ ಮೊದಲು. ನೀವು ಅಳುತ್ತಿರಲಿಲ್ಲ. ಪಕ್ಕದವರಿಗೆ ಹೇಳಿದಿರಿ:

"ಎಷ್ಟು ಆರಾಮಾಗಿ ನಗ್ತಾವ್ನೆ ನೋಡ್ರಿ. ನಾನಿಲ್ದೆ ಏನೂ ಕಮ್ಮಿ ಆಗಿರ್ಲಿಲ್ಲ ಇವ್ನಿಗೆ."

ಫೋಟೋ ತೆಗೆದವರು ಇವರೇ ಎಂದು ಯಾರೋ ನನ್ನನ್ನು ಮುಂದೆ ತಳ್ಳಿದರು. ಅದೇನು ಹೇಳಿ ನಗಿಸಿದಿರಿ ಎಂದು ನೀವು ಕೇಳಿದಿರಿ. ಏನಿಲ್ಲಮ್ಮ, ಅವರೇ ಹಾಗೆ ಕೂತಿದ್ದರು, ಎಂದೆ. ನಿಮ್ಮ ಹೆಸರು ಹಿಡಿದು ಮಾತಾಡಿದ ಕೂಡಲೇ ಆ ಮುಖ ಅರಳಿದ್ದನ್ನು ಕಣ್ಣಾರೆ ಕಂಡವನು ನಾನೊಬ್ಬನೇ — ಸುರೇಶನೂ ಆಗ ಒಳಗೆ ಕಾಫಿ ತರಲು ಹೋಗಿದ್ದ. ಊರಿಗೆ ಮರಳಿದವನೇ ಶೋಕೇಸಿನ ಫೋಟೋ ತೆಗೆದುಹಾಕಿದೆ. ಆ ಪ್ರಶ್ನೆಯನ್ನು ಮತ್ತೆ ಯಾರನ್ನೂ ಕೇಳಲಿಲ್ಲ. ‘ಸ್ವಲ್ಪ ನಗಿ’ ಎನ್ನುತ್ತೇನೆ ಈಗ, ಎಲ್ಲರಂತೆ. ಮುಖಗಳು ಎಲ್ಲರ ಸ್ಟುಡಿಯೋದಲ್ಲಿ ಬರುವಂತೆಯೇ ಬರುತ್ತವೆ.

ಇಷ್ಟು ವರ್ಷ ಕಳೆದ ಮೇಲೆ, ಹೋದ ವಾರ ನಿಮ್ಮ ಸೊಸೆ ಫೋನ್ ಮಾಡಿದರು. ಅತ್ತೆಯದು ಒಂದು ದೊಡ್ಡ ಫೋಟೋ ಬೇಕು, ಗೋಡೆಗೆ. ಆಗಲ್ಲ ಎನ್ನಬಹುದಿತ್ತು. ಹೊಸ ಡಿಜಿಟಲ್ ಕ್ಯಾಮೆರಾ ಹೊತ್ತುಕೊಂಡು ಬಂದೆ. ಆ ಕವಲುದಾರಿಯಲ್ಲಿ ಇಳಿದದ್ದು ಅದೇ ಮೊದಲು. ನಿಮ್ಮ ಮನೆ ಅಲ್ಲಿಂದ ಇಷ್ಟು ಹತ್ತಿರ ಎಂದು ನನಗೆ ಗೊತ್ತಿರಲಿಲ್ಲ.

ನೀವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರಿ. ಕೈ ಮೊಣಕಾಲಿನ ಮೇಲೆ, ಕತ್ತು ನೆಟ್ಟಗೆ, ಉಸಿರು ಒಳಗೆ. ನಾನು ಕ್ಯಾಮೆರಾ ಕಣ್ಣಿಗೆ ಇಟ್ಟುಕೊಂಡೆ. ನೀವು ನನ್ನ ಗುರುತು ಹಿಡಿದುಬಿಟ್ಟಿರಿ.

"ನಮ್ಮಣ್ಣನ ಫೋಟೋ ತೆಗ್ದೋರು ನೀವೇ ಅಲ್ವ? ಅವನ್ನ ಹೆಂಗ್ ನಗ್ಸಿದ್ರಿ, ಹಂಗೇ ನನ್ನೂ ನಗ್ಸಿ, ನೋಡಾನ."

ಬ್ಯಾಟರಿ ಹೋಯಿತು ಎಂದು ಹೇಳಿ ಹೊರಟು ಬಂದೆ. ಬ್ಯಾಟರಿ ತುಂಬಿತ್ತು. ನಿಮಗೆ ಹೇಳಿದ ಸುಳ್ಳುಗಳಲ್ಲಿ ಅದೇ ಕೊನೆಯದಾಗಲಿ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಕ್ಯಾಮೆರಾ ತರುವುದಿಲ್ಲ. ಡ್ರಾಯರಿನಲ್ಲಿ ಉಳಿದ ಆ ಪ್ರಿಂಟು ತರುತ್ತೇನೆ. ಅಂಚು ಹಳದಿಗಟ್ಟಿದೆ, ಮುಖ ಹಾಗೇ ಇದೆ. ಅದನ್ನು ನಿಮ್ಮ ಕೈಗಿಟ್ಟು, ಗೌಡರು ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಹೇಳುತ್ತೇನೆ, ನನ್ನದೇನೂ ಸೇರಿಸದೆ. ಆಮೇಲೆ ನಾನು ಮಾಡಿದ್ದನ್ನೂ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನೀವು ಬೈಯಿರಿ, ಅಳಿರಿ, ಬಾಗಿಲು ಹಾಕಿಕೊಳ್ಳಿ, ನಾನು ಅಂಗಳದಲ್ಲಿ ನಿಂತಿರುತ್ತೇನೆ. ಆದರೆ ಕೊನೆಗೆ ನೀವು ಏನೇ ಅಂದರೂ, ಅದನ್ನು ಹೋಗಿ ತಿಳಿಸೋಣವೆಂದರೆ, ಕೌಂಟರಿನ ಮೇಲೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ, ‘ಏನಂದ್ಲು?’ ಎಂದು ಕೇಳಿದವರು ಈಗ ಇಲ್ಲ.