ಜವರಯ್ಯ ಮೇಷ್ಟ್ರ ಬೈಟು ಕಾಫಿ

ಬೀರೂರಿನ ಜವರಯ್ಯ ಮೇಷ್ಟ್ರು ಲೋಕದಲ್ಲಿ ಹೆದರುತ್ತಿದ್ದುದು ಸೂಜಿಯೊಂದಕ್ಕೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ತಪಾಸಣೆಗೆ ಬಂದ ಸಾಹೇಬರನ್ನೇ ತಿದ್ದಿ ಕಳಿಸಿದ ಮಹಾನುಭಾವರು ಕಡೂರಿನ ಡಾಕ್ಟರ ಮುಂದೆ ಕೈಕಟ್ಟಿ ಕೂತಿದ್ದರು.

"ದಿನಕ್ಕೆ ನಾಲ್ಕು ಕಾಫಿ, ಎರಡೆರಡು ಚಮಚ ಸಕ್ಕರೆ! ಕಡಿಮೆ ಮಾಡಿ ಮೇಷ್ಟ್ರೇ. ಮುಂದಿನ ತಿಂಗಳಿಗೆ ಶುಗರ್ ಇಳೀದಿದ್ರೆ ದಿನಾ ಇನ್ಸುಲಿನ್ ಚುಚ್ಕೋಬೇಕು."

ಮನೆಗೆ ಬಂದವರೇ ಹೆಂಡತಿ ಓಬಮ್ಮನಿಗೆ ಮಾತು ಕೊಟ್ಟರು. "ಇನ್ಮೇಲೆ ಫುಲ್ ಕಾಫಿ ಮುಟ್ಟಲ್ಲ ಕಣೇ. ಬೈಟು ಮಾತ್ರ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ.

ಮಾತಿಗೆ ತಪ್ಪಲಿಲ್ಲ. ಆದರೆ ಬೈಟು ಅಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಬೇಕು, ಇನ್ನರ್ಧಕ್ಕೆ ಜೊತೆ ಬೇಕು. ಸ್ಟೇಷನ್ ರಸ್ತೆಯ ತಿಪ್ಪೇಶನ ಹೋಟೆಲಿನಲ್ಲಿ ಜೊತೆಗೇನು ಬರ? ರೈಲಿಳಿದವರು, ರೈಲು ತಪ್ಪಿಸಿಕೊಂಡವರು, ಹಳೇ ಶಿಷ್ಯರು. "ಬನ್ನಿ ಸಾ, ಒಂದ್ ಬೈಟು" ಎಂದು ಕರೆದಾಗ ಒಲ್ಲೆ ಅನ್ನುವುದು ಮರ್ಯಾದೆಯೇ? ಮೇಷ್ಟ್ರು ಮರ್ಯಾದಸ್ಥರು. ವಾರದೊಳಗೆ ದಿನಕ್ಕೆ ಹನ್ನೊಂದು ಸಲ ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು.

ಸಂಜೆ ಜಗಲಿಯ ಮೇಲೆ ಟ್ಯೂಷನ್. ಅಂದಿನ ಪಾಠ ‘ಕಟ್ ಡೌನ್ ಆನ್’. "ಪೂರ್ತಿ ಬಿಡೋದಲ್ಲ, ಕಡಿಮೆ ಮಾಡೋದು. ‘ಆನ್’ ಮರೀಬೇಡಿ. ಎಲ್ಲಿ, ಯಾರಾದ್ರೂ ಒಂದು ವಾಕ್ಯ ಹೇಳಿ."

ತಿಪ್ಪೇಶನ ಮಗಳು ಸ್ಪಂದನಾ ಎದ್ದು ಇಂಗ್ಲಿಷಿನಲ್ಲಿ ಗಡಗಡನೆ ಏನೋ ಹೇಳಿದಳು. ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ನಕ್ಕವು. ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದ ಓಬಮ್ಮನಿಗೆ ‘ಸರ್’ ಮತ್ತು ‘ಕಾಫಿ’ ಎರಡೇ ತಿಳಿದದ್ದು. "ಏನಂದ್ಳು ರೀ?"

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಮಕ್ಕಳೆದುರು ತಪ್ಪು ಅರ್ಥ ಹೇಳುವುದು ಆ ಜೀವಕ್ಕೆ ಆಗದು. ಹಣೆ ಒರೆಸಿಕೊಳ್ಳುತ್ತ ಅನುವಾದಿಸಿದರು. "‘ನಮ್ಮ ಮೇಷ್ಟ್ರು ಕಾಫಿ ಕಡಿಮೆ ಮಾಡವ್ರೆ. ಈಗ ದಿನಕ್ಕೆ ಬರೀ ಹನ್ನೊಂದು ಬೈಟು.’ ವಾಕ್ಯ ಸರಿಯಾಗೈತೆ. ಕೂತ್ಕಳಮ್ಮ."

ಓಬಮ್ಮ ಬೈಯಲಿಲ್ಲ. ಹನ್ನೊಂದರ ಅರ್ಧ ಐದೂವರೆ, ಮೊದಲಿನ ನಾಲ್ಕಕ್ಕಿಂತ ಜಾಸ್ತಿಯೇ ಎಂದು ಲೆಕ್ಕ ಹಾಕಿಕೊಂಡಳು. "ನಾಳೆಯಿಂದ ನಿಮ್ ಜೊತೆಗೆ ನಾನೇ ಬತ್ತೀನಿ. ದಿನಕ್ಕೆ ಒಂದೇ ಬೈಟು."

ಮರುದಿನ ತಿಪ್ಪೇಶ ಬೆಂಚು ಒರೆಸಿ ಕೂರಿಸಿದ. ಓಬಮ್ಮ ಹೋಟೆಲಿನೊಳಗೆ ಕೂತದ್ದು ಅದೇ ಮೊದಲು. ಗಂಡನ ಲೋಟವನ್ನು ಕಣ್ಣಲ್ಲೇ ಅಳೆದು, ತನ್ನದನ್ನು ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು. ಮುಖ ಅರಳಿತು. "ಅಯ್ಯೋ, ಇಷ್ಟ್ ಚೆನ್ನಾಗಿರ್ತದೇನ್ರೀ! ಇನ್ನೊಂದ್ ಬೈಟು ಹೇಳ್ರೀ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಏಳೇ, ಮನೆಗ್ ನಡಿ. ಒಂದ್ ಸಂಸಾರಕ್ಕೆ ಕಾಫಿ ಹುಚ್ಚ ನಾನೊಬ್ನೇ ಸಾಕು" ಎಂದು ಎದ್ದೇಬಿಟ್ಟರು. ಅವರ ಅಂದಿನ ಕಾಫಿ ಅಷ್ಟೇ.