ಸುಜಾತಾಳ ಕೌದಿ ಮತ್ತು ಕಪ್ಪು ಪರದೆ

ಆಗ ನಮ್ಮ ಕಡೆ ಮೊಬೈಲು ಎಂದರೆ ಮಾತಾಡುವುದಕ್ಕಷ್ಟೇ. ಕಂಪ್ಯೂಟರು ಎಂದರೆ ಬೆಳಗಾವಿಯ ಬ್ಯಾಂಕಿನಲ್ಲಿ ಗಾಜಿನ ಹಿಂದೆ ಇರುವ ವಸ್ತು. ಅಪ್ಪನ ಜೊತೆ ಹೋದಾಗ ತುದಿಗಾಲಲ್ಲಿ ನಿಂತು ನೋಡಿ ಬರುವುದು. ಅಂಥ ದಿನಗಳಲ್ಲಿ, ಸುಗ್ಗಿ ಮುಗಿದು ಊರೆಲ್ಲ ಭತ್ತದ ಹುಲ್ಲಿನ ವಾಸನೆ ಹೊಡೆಯುತ್ತಿದ್ದಾಗ, ಪಾರಿಶ್ವಾಡದಾಚೆಯ ನಮ್ಮ ಹಳ್ಳಿಯ ಸಾಲೆಗೆ ಎರಡು ಹಳೆಯ ಕಂಪ್ಯೂಟರುಗಳು ಬಂದವು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ಆ ಚಳಿಗಾಲವನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವನ್ನು ತಂದವರು ನಮಗೆ ಪಾಠ ಹೇಳುತ್ತಿದ್ದ ಶೈಲಾ ಅಕ್ಕೋರು. ಅವರ ತಮ್ಮ ಬೆಳಗಾವಿಯ ಒಂದು ಆಫೀಸಿನಲ್ಲಿದ್ದ. ಅಲ್ಲಿ ಬೇಡವೆಂದು ಮೂಲೆಗೆ ಹಾಕಿದ್ದ ಯಂತ್ರಗಳನ್ನು ಕೇಳಿ ಪಡೆದು, ಟೆಂಪೋದಲ್ಲಿ ಕುಲುಕಿ ಒಡೆಯಬಾರದೆಂದು ಹಳೆಯ ಕೌದಿಗಳಲ್ಲಿ ಸುತ್ತಿ ಕಳಿಸಿದ್ದ. ಕೌದಿ ಬಿಚ್ಚಿದಾಗ ಒಳಗಿನಿಂದ ಧೂಳಿನ ವಾಸನೆಯೂ ನುಸಿಗುಳಿಗೆಯ ವಾಸನೆಯೂ ಒಟ್ಟಿಗೇ ಬಂದವು. ಈಗಲೂ ಕಂಪ್ಯೂಟರು ಎಂದರೆ ನನ್ನ ಮೂಗಿಗೆ ಮೊದಲು ನೆನಪಾಗುವುದು ಅದೇ.

ಹಳೆಯ ಯಂತ್ರಕ್ಕೆ ಭಾರದ ತಂತ್ರಾಂಶ ಹೊರಲು ಆಗುವುದಿಲ್ಲವೆಂದು ಆ ತಮ್ಮ ಅದರೊಳಗೆ ಲಿನಕ್ಸ್ ಹಾಕಿದ್ದ. ಹಾಗೆಂದರೇನು ಎಂದು ನಾವು ಕೇಳಿದಾಗ ಅಕ್ಕೋರು ಹೇಳಿದರು: "ಜಗತ್ತಿನಾಗ ಎಲ್ಲೆಲ್ಲಿಯೋ ಇರೂ ಮಂದಿ ಕೂಡಿ ಮಾಡ್ಯಾರ. ಯಾರು ಬೇಕಾದ್ರೂ ತಗೋಬಹುದು, ಬಿಚ್ಚಿ ನೋಡಬಹುದು, ತಮಗ ಬೇಕಾದ್ದು ಸೇರಿಸಿ ಮತ್ತೊಬ್ಬರಿಗೆ ಕೊಡಬಹುದು."

ನನ್ನ ಬಾಜೂಕ್ಕೆ ಕೂತಿದ್ದ ಸುಜಾತಾ ಕೈ ಎತ್ತಿದಳು. "ಅಂದ್ರ ಕೌದಿ ಇದ್ದಾಂಗೇನ್ರೀ ಅಕ್ಕೋರ?"

ಸುಜಾತಾಳ ಮನೆಯ ಮಾತು ಮರಾಠಿ, ಸಾಲೆಯ ಮಾತು ಕನ್ನಡ, ಬೈಗುಳ ಎರಡರಲ್ಲೂ. ಅವಳ ಅವ್ವ ಹಳೆಯ ಸೀರೆ, ಧೋತರದ ತುಣುಕು ಕೂಡಿಸಿ ಊರಿಗೆಲ್ಲ ಕೌದಿ ಹೊಲಿದುಕೊಡುವವಳು. ಅವರ ಕಟ್ಟೆಯ ಮೇಲೆ ಕೌದಿ ಹರಡಿದ್ದರೆ ನೀರಿಗೆ ಹೊರಟವರು, ಹಿಟ್ಟು ಬೀಸಿಸಿ ಬಂದವರು ಕೂತು ನಾಲ್ಕು ಹೊಲಿಗೆ ಹಾಕಿಯೇ ಹೋಗುತ್ತಿದ್ದರು. ಅಕ್ಕೋರು ನಕ್ಕು, "ಹೂಂ ನೋಡು, ಬರೋಬ್ಬರಿ ಹಂಗ" ಎಂದರು.

ಎರಡು ಯಂತ್ರ, ತರಗತಿ ತುಂಬ ಮಕ್ಕಳು. ಅದಕ್ಕೆ ಅಕ್ಕೋರು ಒಂದು ಉಪಾಯ ಮಾಡಿದರು. ಸಾಲೆಯ ಅಂಗಳಕ್ಕೆ ಸೆಗಣಿ ಸಾರಿಸಿ, ಸುಣ್ಣದಲ್ಲಿ ದೊಡ್ಡದಾಗಿ ಕೀಬೋರ್ಡು ಬರೆದರು. ನಾವು ಕುಂಟಾಬಿಲ್ಲೆ ಆಡುವ ಹಾಗೆ ಒಂಟಿಕಾಲಲ್ಲಿ ಅಕ್ಷರದಿಂದ ಅಕ್ಷರಕ್ಕೆ ಜಿಗಿಯಬೇಕು. ಎಲ್ ಎಸ್ ಎಂದರೆ ಇಲ್ಲಿ ಏನೇನಿದೆ ತೋರಿಸು. ಸಿ ಡಿ ಎಂದರೆ ಒಳಗೆ ಹೋಗು. ಪಿ ಡಬ್ಲ್ಯೂ ಡಿ ಎಂದರೆ ನಾನೀಗ ಎಲ್ಲಿದ್ದೇನೆ ಹೇಳು. ಗೆರೆ ತುಳಿದವರು ಔಟು. ಅಂಗಳದಲ್ಲಿ ತಪ್ಪದೆ ಜಿಗಿದವರಿಗೆ ಒಳಗೆ ಹೋಗಿ ಅದನ್ನೇ ಬೆರಳಲ್ಲಿ ಒತ್ತುವ ಅವಕಾಶ. ಲಂಗ ಎತ್ತಿ ಕಟ್ಟಿಕೊಂಡು, ಬಾಯಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ಸುಜಾತಾ ಜಿಗಿಯುವುದನ್ನು ನೋಡಬೇಕಿತ್ತು. ಗಂಡುಹುಡುಗರು ಅವಳ ಸರದಿ ಬಂದರೆ ಮುಖ ಸಿಂಡರಿಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು.

ಯಂತ್ರ ಹಚ್ಚಿದ ಕೂಡಲೇ ಚಿತ್ರ ಬರುತ್ತಿರಲಿಲ್ಲ. ಮೊದಲು ಬರೀ ಕಪ್ಪು ಪರದೆ, ಅದರ ಮೇಲೊಂದು ಮಿಣುಕುವ ಗೆರೆ. ಅಲ್ಲಿ ಹೆಸರು ಹೊಡೆಯಬೇಕು, ಆಮೇಲೆ ಪಾಸ್‌ವರ್ಡು. ನಮ್ಮ ಪಾಸ್‌ವರ್ಡು ಶೇಂಗಾಹೋಳಿಗೆ, ಊರಿಗೆಲ್ಲ ಗೊತ್ತಿತ್ತು. ಆದರೆ ಅದನ್ನು ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಚುಕ್ಕಿಯೂ ಇಲ್ಲ, ಗೆರೆಯೂ ಕದಲುವುದಿಲ್ಲ. ಮೊದಲ ದಿನ ನಾವೆಲ್ಲ ಯಂತ್ರ ಕೆಟ್ಟಿತೆಂದು ಗಾಬರಿಯಾದೆವು. ಸುಜಾತಾ "ಅಗಾ ಬಾಯಿ!" ಎಂದು ಕೈ ಹಿಂದೆಳೆದುಕೊಂಡಳು.

ಅಕ್ಕೋರು ಸಮಾಧಾನವಾಗಿ ಹೇಳಿದರು. "ನಿಮ್ಮ ಅವ್ವಗೋಳು ಗಂಡನ ಹೆಸರು ಬಾಯಿಬಿಟ್ಟು ಹೇಳ್ತಾರೇನು?"

"ಇಲ್ರೀ!" ನಮ್ಮ ಕಡೆ ಮದುವೆ-ಹಬ್ಬದಲ್ಲಿ ಪ್ರಾಸದ ಪದ್ಯದೊಳಗೆ ಸೇರಿಸಿ ಒಡಪು ಕಟ್ಟಿ ಹೇಳಿದರುಂಟು, ಇಲ್ಲದಿದ್ದರೆ ಗಂಡನ ಹೆಸರು ಎತ್ತುವುದೇ ಇಲ್ಲ.

"ಮತ್ತ ಅವರಿಗೆ ಗೊತ್ತಿಲ್ಲೇನು? ಗೊತ್ತಿರ್ತೈತಿ, ಕಾಣಿಸಂಗಿಲ್ಲ. ಇದೂ ಹಂಗ. ನೀವು ಹೊಡೀರಿ, ಅದಕ್ಕ ಗೊತ್ತಾಗ್ತೈತಿ. ಮುಗಿದ ಮ್ಯಾಲೆ ಎಂಟರ್ ಒತ್ರಿ."

ಅಲ್ಲಿಂದ ನಮ್ಮ ಸಾಲೆಯಲ್ಲಿ ಪಾಸ್‌ವರ್ಡಿಗೆ ಗಂಡನ ಹೆಸರು ಎಂದೇ ಹೆಸರಾಯಿತು. "ಲೇ, ಗಂಡನ ಹೆಸರು ಹೊಡದೀಯೇನ?" ಎಂದು ಗಂಡುಹುಡುಗರೂ ಕೇಳುತ್ತಿದ್ದರು. ಯಾರಿಗೂ ಅದರಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ.

ಚಿತ್ರ ಬಿಡಿಸುವ ಕಿಟಕಿ ತೆರೆಯುವುದನ್ನು ಕಲಿತ ಮೇಲೆ ಸುಜಾತಾ ಅದರಲ್ಲಿ ಕೌದಿ ಹೊಲಿಯಲು ಸುರುಮಾಡಿದಳು. ಹೊಲಿಯಲು ಎಂದೇ ಅವಳು ಹೇಳುತ್ತಿದ್ದದ್ದು. ಅವ್ವನ ಹಾಗೆಯೇ ಮೂಲೆಯಿಂದ ಹಿಡಿದು ಒಳಕ್ಕೆ, ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ, ಸುತ್ತ ಬಿಳಿ ದಾರದ ಸಣ್ಣ ಹೊಲಿಗೆ. ನಮ್ಮನ್ನೂ ಕರೆದು ಒಂದೊಂದು ತುಣುಕು ಸೇರಿಸಲು ಬಿಟ್ಟಳು. ನನ್ನದು ಅವ್ವನ ಇಳಕಲ್ಲ ಸೀರೆಯ ಕೆಂಪು. ಪಾಸ್‌ವರ್ಡು ದಾಟಿದ ಕೂಡಲೇ ಪರದೆ ತುಂಬ ಅದೇ ಕಾಣುವ ಹಾಗೆ ಇಟ್ಟೆವು. ಅಕ್ಕೋರು ಕುರ್ಚಿ ಎಳೆದುಕೊಂಡು ಕೂತು ಒಂದೊಂದು ಚೌಕವನ್ನೂ ಬೆರಳಿಟ್ಟು ನೋಡಿದರು. ಆಮೇಲೆ, ಬೆಳಗಾವಿಯಲ್ಲಿ ಸಾಲೆಗಳ ಪ್ರದರ್ಶನವಿದೆ, ಯಂತ್ರದ ಸಮೇತ ಒಯ್ಯೋಣ, ಕೌದಿಯ ಪಕ್ಕದಲ್ಲಿ ಸುಜಾತಾಳೇ ನಿಂತು ಹೇಳಲಿ ಎಂದರು.

ಸುಜಾತಾ ಅಲ್ಲಿಯವರೆಗೆ ಖಾನಾಪುರ ದಾಟಿದವಳಲ್ಲ. ಅವಳ ಅವ್ವ ತನ್ನ ಸೀರೆ ಕತ್ತರಿಸಿ ಹೊಸ ಲಂಗ ಹೊಲಿದಳು. ಸುಜಾತಾ ದಾರಿಯುದ್ದಕ್ಕೂ ನನ್ನ ಮುಂದೆ ಮಾತಿನ ಅಭ್ಯಾಸ ಮಾಡುತ್ತಿದ್ದಳು. "ನಮಸ್ಕಾರ್ರೀ. ಇದು ಕೌದಿ. ಇದನ್ನ ನಾವೆಲ್ಲಾರೂ ಕೂಡಿ ಹೊಲಿದೇವಿ."

ಪ್ರದರ್ಶನಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಅಕ್ಕೋರನ್ನು ಯಾವುದೋ ತರಬೇತಿಗೆ ಕಳಿಸಿದರು. ಹೆಡ್ ಮಾಸ್ತರರಿಗೆ ಆಗ ಚಿಂತೆ ಹತ್ತಿತು. ಬೆಳಗಾವಿಯಲ್ಲಿ ಅವರು ಕಂಡ ಕಂಪ್ಯೂಟರುಗಳು ಹೀಗೆ ಕಪ್ಪಗೆ ಸುರುವಾಗುತ್ತಿರಲಿಲ್ಲ. ಮಂದಿ ನಗುತ್ತಾರೆ ಎಂದುಕೊಂಡು ಪೇಟೆಯಿಂದ ಒಬ್ಬ ರಿಪೇರಿಯವನನ್ನು ಕರೆಸಿದರು. ಮೋಟರ್‌ಸೈಕಲ್ಲಿನಲ್ಲಿ ಬಂದವನು ಬೂಟುಗಾಲಲ್ಲೇ ಕೋಣೆಯೊಳಗೆ ನಡೆದ. ನಾವು ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದವರೇ ಅಲ್ಲ.

ಪಾಸ್‌ವರ್ಡು ಕೇಳಿದ. ಸುಜಾತಾ ಹೇಳಿದಳು. ಅವನು ಹೊಡೆದ, ಪರದೆ ನೋಡಿದ, ಮತ್ತೆ ಹೊಡೆದ. ಏನೂ ಕಾಣದೆ ಬಟನ್ನುಗಳನ್ನು ಕುಟ್ಟತೊಡಗಿದ.

"ಹ್ಯಾಂಗ್ ಆಗೈತ್ರಿ ಸರ್ರ. ಸಿಸ್ಟಮ್ಮ ಕೆಟ್ಟೈತಿ. ಯಾರು ಹಾಕಿದ್ರಿ ಇದನ್ನ?"

"ಪುಕ್ಕಟ ಬಂದದ್ದು ಬಿಡ್ರಿ," ಎಂದರು ಹೆಡ್ ಮಾಸ್ತರರು, ನಾಚಿಕೊಂಡವರಂತೆ.

ಸುಜಾತಾ ತಡೆಯದೆ ಮುಂದೆ ಬಂದಳು. "ಕೆಟ್ಟಿಲ್ರೀ ಸರ್. ಅದು ಗಂಡನ ಹೆಸರು ಇದ್ದಾಂಗ್ರೀ, ಕಾಣಂಗಿಲ್ಲ. ಸುಮ್ನ ಹೊಡದು ಎಂಟರ್ ಒತ್ರಿ."

ರಿಪೇರಿಯವನು ಹೋ ಎಂದು ನಕ್ಕ. "ಈಗಿಂದನ ಗಂಡನ ಹೆಸರು ಹೊಡೀತಾಳ್ರೀ ನಿಮ್ಮ ಹುಡುಗಿ!"

ಹೆಡ್ ಮಾಸ್ತರರ ಮುಖ ಕೆಂಪಗಾಯಿತು. "ನಾಚಿಕಿ ಇಲ್ಲೇನ ನಿನಗ? ಏಳನೇ ಕ್ಲಾಸಿನ್ಯಾಗ ಗಂಡನ ಮಾತು! ನಡಿ ಹೊರಗ!"

"ಅಕ್ಕೋರ ಹಂಗಂತ ಹೇಳ್ಯಾರ್ರೀ," ಎಂದು ನಾನು ಕೂಗಿದೆ, ಉಳಿದವರೂ ಕೂಗಿದರು. ನಮ್ಮೆಲ್ಲರನ್ನೂ ಅಂಗಳಕ್ಕೆ ಅಟ್ಟಿದರು. ಸುಜಾತಾಳನ್ನು ಮಾತ್ರ ಕಿವಿ ಹಿಡಿದು ಬಿಸಿಲಲ್ಲಿ ನಿಲ್ಲಿಸಿದರು, ನಾವು ಜಿಗಿಯುತ್ತಿದ್ದ ಆ ಸುಣ್ಣದ ಅಕ್ಷರಗಳ ಮೇಲೆಯೇ.

ಕಿಟಕಿಯಿಂದ ಒಳಗಿನ ಮಾತು ಕೇಳುತ್ತಿತ್ತು. "ಪೂರಾ ಅಳಿಸಿ ಬ್ಯಾರೆ ಹಾಕ್ತೀನ್ರಿ. ಒಳಗ ಏನಾರ ಬೇಕಾದ್ದು ಐತೇನ್ರಿ?"

"ಏನಿಲ್ಲ. ಹುಡುಗ್ರು ಗೀಚಿದ್ದು," ಎಂದರು ಹೆಡ್ ಮಾಸ್ತರರು.

ಗೀಚಿದ್ದು! ಆ ಒಂದು ಮಾತಿಗೆ ನಾನು ಆ ಮನುಷ್ಯನನ್ನು ಈವರೆಗೆ ಕ್ಷಮಿಸಿಲ್ಲ. ಅಳಿಸುವ ಮೊದಲು ಒಂದು ಸಲ, ಒಂದೇ ಒಂದು ಸಲ ಎಂಟರ್ ಒತ್ತಿದ್ದರೆ ಕೌದಿ ಅವರ ಕಣ್ಣೆದುರು ಬಿಚ್ಚಿಕೊಳ್ಳುತ್ತಿತ್ತು. ಹುಡುಗಿ ಹೇಳಿದ್ದನ್ನು ಕೇಳಿದರೆ ಇವರ ದೊಡ್ಡಸ್ತಿಕೆ ಎಲ್ಲಿ ಕರಗುತ್ತಿತ್ತೋ! ಆ ರಿಪೇರಿಯವನು ಒಳಗೆ ತೂರಿಸಿದ ಸಿ.ಡಿ.ಯ ಮೇಲೆ ಪೆನ್ನಿನಲ್ಲಿ ಏನೋ ಗೀಚಿತ್ತು. ಅದು ಪೇಟೆಯಲ್ಲಿ ಮಾರುವ ತಂತ್ರಾಂಶದ ಕದ್ದ ನಕಲು ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಪ್ರೀತಿಯಿಂದ ಕೊಟ್ಟದ್ದು ಪುಕ್ಕಟೆ ಎಂದು ಹೊರಗೆ ಹೋಯಿತು, ಕದ್ದದ್ದು ದುಡ್ಡು ತೆಗೆದುಕೊಂಡು ಒಳಗೆ ಬಂತು. ಅದನ್ನು ಹೊತ್ತ ಆ ಹಳೆಯ ಯಂತ್ರಗಳು ಒಂದೊಂದು ಕಿಟಕಿ ತೆರೆಯಲೂ ಏದುಸಿರು ಬಿಟ್ಟವು. ಕೊನೆಗೆ ಪ್ರದರ್ಶನಕ್ಕೆ ಥರ್ಮಾಕೋಲಿನ ಜ್ವಾಲಾಮುಖಿ ಹೋಯಿತು, ಅದರ ಜೊತೆ ಹೆಡ್ ಮಾಸ್ತರರ ಅಣ್ಣನ ಮಗ.

ಅಕ್ಕೋರು ತಿರುಗಿ ಬಂದು ಜಗಳ ತೆಗೆದರು. ಮತ್ತೆ ಹಾಕಿಸೋಣ, ಮತ್ತೆ ಹೊಲಿ ಎಂದು ಸುಜಾತಾಳ ಮನೆಗೂ ಹೋದರು. ಸುಜಾತಾ ಕಟ್ಟೆಯ ಮೇಲೆ ಅವ್ವನ ಜೊತೆ ಸೂಜಿ ಹಿಡಿದು ಕೂತಿದ್ದಳು. ಹೊಸ ಲಂಗ ಉಟ್ಟೇ ಕೂತಿದ್ದಳು. ತಲೆ ಎತ್ತಲಿಲ್ಲ. ಅಷ್ಟರಲ್ಲಿ ಸಾಲೆಯ ಕಂಪ್ಯೂಟರ್ ಕೋಣೆಗೆ ಬೀಗವೂ ಬಿದ್ದಿತ್ತು.

ನಾನೀಗ ಬೆಳಗಾವಿಯ ಶಿವಬಸವ ನಗರದಲ್ಲಿದ್ದೇನೆ. ಅಣ್ಣನ ಮಗಳ ಸಾಲೆಯಲ್ಲಿ ತಣ್ಣನೆಯ ಕಂಪ್ಯೂಟರ್ ಕೋಣೆಯಿದೆ. ಅಲ್ಲಿ ಮಕ್ಕಳು ತೋರಿಸಿದಲ್ಲಿ ಒತ್ತುತ್ತಾರೆ, ಪಾಸ್‌ವರ್ಡು ಯಾರಿಗೂ ಹೇಳುವುದಿಲ್ಲ, ಯಾರೂ ಅಂಗಳದಲ್ಲಿ ಜಿಗಿಯುವುದಿಲ್ಲ. ಅದು ಹೋಗಲಿ ಎನ್ನಬಹುದು. ಇದು ಮಾತ್ರ ಹೋಗಲಿ ಎನ್ನಲು ನನ್ನಿಂದ ಆಗುವುದಿಲ್ಲ:

ಈಚೆಗೆ ಸೀರೆಗೆ ಕುಚ್ಚು ಹಾಕಿಸಲು ನೇಕಾರರಿರುವ ವಡಗಾವಿಗೆ ಹೋಗಿದ್ದೆ. ಓಣಿಯೊಳಗಿನ ಒಂದು ಸಣ್ಣ ಕಾರ್ಖಾನೆಯ ಬಾಗಿಲಲ್ಲಿ ಕುಚ್ಚು ಕಟ್ಟುತ್ತ ಕೂತಿದ್ದವಳು ಸುಜಾತಾ. ನೇಕಾರರ ಮನೆಗೆ ಕೊಟ್ಟಿದ್ದಾರಂತೆ. ಚಹಾ ಕುಡಿದೆವು, ನಕ್ಕೆವು. ಒಳಗೆ ಅವಳ ಮೈದುನ ಕಂಪ್ಯೂಟರಿನ ಮುಂದೆ ಕೂತು ಸೀರೆಯ ಸೆರಗಿನ ಡಿಸೈನು ಮಾಡುತ್ತಿದ್ದ. ಚೌಕದ ಪಕ್ಕ ಚೌಕ, ಬಣ್ಣ ತುಂಬುವ ಕೆಲಸ. ಬಣ್ಣ ಹೊಂದದೆ ಒದ್ದಾಡುತ್ತಿದ್ದ.

"ಆ ಕೆಲಸ ನೀ ಯಾಕ ಮಾಡವಲ್ಲಿ?" ಎಂದು ಕೇಳಿದೆ.

"ನಾನು?" ಎಂದು ಸುಜಾತಾ ನಿಜವಾಗಿಯೂ ಬೆರಗಾದಳು. "ಅಯ್ಯ, ನನಗೆಲ್ಲಿ ಬರ್ತೈತವಾ ಕಂಪ್ಯೂಟರ್!"

ನನ್ನನ್ನು ಚುಡಾಯಿಸುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಇಲ್ಲ. ಬಾಯಲ್ಲಿ ದಾರ ಕಚ್ಚಿಕೊಂಡು ಮುಂದಿನ ಗಂಟು ಹಾಕುತ್ತಿದ್ದಳು.